ಕಲಬುರಗಿಯಲ್ಲಿ ಸಿಗುವ ಗಂಗಾಜಲ: ಯಾವ ಬಾಟಲಿ, ಎಲ್ಲಿಯ ನೀರು?

ಕಲಬುರಗಿಯಲ್ಲಿ ಗೃಹಪ್ರವೇಶಕ್ಕೋ ಹಿರಿಯರ ಕಾರ್ಯಕ್ಕೋ ಗಂಗಾಜಲ ಬೇಕಾದರೆ ಮೊದಲು ಓಣಿಯವರನ್ನು ಕೇಳುವುದು ರೂಢಿ. ಕಾಶಿಗೆ ಹೋಗಿ, ಜಂಗಮವಾಡಿ ಮಠದಲ್ಲಿ ಇಳಿದುಕೊಂಡು, ವಿಶ್ವನಾಥನ ದರ್ಶನ ಮಾಡಿ ಬಂದ ಹಿರಿಯರು ಎಲ್ಲ ಓಣಿಗಳಲ್ಲೂ ಇರುತ್ತಾರೆ, ಅವರ ದೇವರ ಜಗುಲಿಯ ಮೇಲೆ ಬಾಯಿ ಬೆಸೆದ ತಾಮ್ರದ ಗಿಂಡಿಯೂ ಇರುತ್ತದೆ. ಅಲ್ಲಿ ಸಿಗದಿದ್ದರೆ ಕೊಳ್ಳಬೇಕು. ಕೊಳ್ಳುವವರ ಮುಂದೆ ಇರುವುದು ಅಂಚೆ ಇಲಾಖೆ ಮಾರುವ ಬಾಟಲಿ, ಪೂಜಾ ಸಾಮಗ್ರಿ ಅಂಗಡಿಗಳ ಪ್ಲಾಸ್ಟಿಕ್ ಬಾಟಲಿ ಮತ್ತು ಅದೇ ಅಂಗಡಿಗಳ ತಾಮ್ರದ ಗಿಂಡಿ. ಮೂರನ್ನೂ ತಂದು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಾನು ಮುಖ್ಯವಾಗಿ ಹುಡುಕಿದ್ದು ಒಂದೇ ವಿಷಯವನ್ನು: ನೀರನ್ನು ಎಲ್ಲಿ ತುಂಬಿದ್ದಾರೆಂದು ಮಾರುವವರು ಹೇಳುತ್ತಾರೆಯೇ?

ನಾನು ಹೋದ ಅಂಗಡಿಯವರಿಗೆ ಈ ಪ್ರಶ್ನೆಯೇ ಅತಿಯೆನಿಸಿತು. “ಗಂಗಾ ಅಂದ್ರ ಗಂಗಾನೇ ಅದ ಕಾಕಾ, ಎಲ್ಲಿಂದ ತಂದ್ರೇನು?” ಎಂದರು. ಭಕ್ತಿಯ ನೆಲೆಯಲ್ಲಿ ಈ ಮಾತನ್ನು ತಳ್ಳಿಹಾಕುವಂತಿಲ್ಲ. “ಗಂಗೇ ಚ ಯಮುನೇ ಚೈವ” ಎಂದು ನಲ್ಲಿಯ ನೀರಿಗೇ ಏಳು ನದಿಗಳನ್ನು ಆವಾಹಿಸುವ ಸಂಪ್ರದಾಯ ನಮ್ಮದು. (ಆ ಶ್ಲೋಕದಲ್ಲಿ ಕಾವೇರಿಗೂ ಗೋದಾವರಿಗೂ ಸ್ಥಾನವಿದ್ದು ನಮ್ಮ ಕೃಷ್ಣೆ, ಭೀಮೆಯರಿಗೆ ಇಲ್ಲವೆಂಬುದು ಈ ಭಾಗದವನಾದ ನನ್ನ ಹಳೆಯ ತಕರಾರು.) ಆದರೆ ಹಣ ಕೊಟ್ಟು ಕೊಳ್ಳುವಾಗ ಗಂಗೆ ಸುಮಾರು 2,525 ಕಿಲೋಮೀಟರ್ ಉದ್ದದ ನದಿ ಎಂಬುದನ್ನು ಮರೆಯುವಂತಿಲ್ಲ. ಗೋಮುಖದ ಹಿಮನದಿಯಿಂದ ಹೊರಟ ಭಾಗೀರಥಿಯು ದೇವಪ್ರಯಾಗದಲ್ಲಿ ಅಲಕನಂದೆಯನ್ನು ಕೂಡಿ, ಹೃಷಿಕೇಶವನ್ನು ದಾಟಿ ಹರಿದ್ವಾರದಲ್ಲಿ ಬಯಲಿಗಿಳಿಯುತ್ತಾಳೆ. ಅಲ್ಲಿ ನೀರಿನ ದೊಡ್ಡ ಪಾಲು 1854ರಲ್ಲಿ ತೆರೆದ ಕಾಲುವೆಗೆ ಹೋಗುತ್ತದೆ. ಮುಂದೆ ಕಾನ್ಪುರದ ಚರ್ಮದ ಕಾರ್ಖಾನೆಗಳನ್ನೂ ಊರೂರುಗಳ ಚರಂಡಿಗಳನ್ನೂ ಕಂಡು, ಪ್ರಯಾಗದಲ್ಲಿ ಯಮುನೆಯನ್ನು ಸೇರಿಸಿಕೊಂಡು ಅವಳು ಕಾಶಿಗೆ ಬರುತ್ತಾಳೆ. ಎಲ್ಲ ಕಡೆಯೂ ಪುಣ್ಯ ಒಂದೇ ಇರಬಹುದು, ನೀರು ಒಂದೇ ಅಲ್ಲ.

ಈ ದೃಷ್ಟಿಯಿಂದ ಅಂಚೆ ಇಲಾಖೆಯ ಬಾಟಲಿಗೆ ನನ್ನ ಮೊದಲ ಮತ. 2016ರ ಜುಲೈಯಲ್ಲಿ ಈ ಮಾರಾಟ ಆರಂಭವಾದಾಗ 200 ಮಿಲಿಲೀಟರಿನ ಹೃಷಿಕೇಶದ ನೀರಿಗೆ 15 ರೂಪಾಯಿ, ಗಂಗೋತ್ರಿಯ ನೀರಿಗೆ 25 ರೂಪಾಯಿ ಇತ್ತು. ಅನಂತರ ಬಂದ 250 ಮಿಲಿಲೀಟರಿನ ಗಂಗೋತ್ರಿ ಬಾಟಲಿಯ ಬೆಲೆ 30 ರೂಪಾಯಿ. ಭಗೀರಥನು ತಪಸ್ಸು ಮಾಡಿದನೆಂದು ಪರಂಪರೆ ನಂಬುವ ಸ್ಥಳ ಗಂಗೋತ್ರಿಯಾದ್ದರಿಂದ ಆ ನೀರಿಗೆ ಬೇಡಿಕೆ ಹೆಚ್ಚು. ಆದರೂ ಒಂದು ಮಾತು: ಗಂಗೆ ಎಂಬ ಹೆಸರು ಆ ನದಿಗೆ ಸಲ್ಲುವುದು ದೇವಪ್ರಯಾಗದ ಸಂಗಮದ ನಂತರವೇ. ಆದ್ದರಿಂದ ಎರಡೂ ಮೂಲಧಾರೆಗಳು ಬೆರೆತ ಹೃಷಿಕೇಶದ ನೀರು ಕಡಿಮೆ ದರ್ಜೆಯದೆಂದು ಯಾರೂ ಎಣಿಸಬೇಕಾಗಿಲ್ಲ. ಇನ್ನು, ಹಿಮನದಿಯು ಬಂಡೆಯನ್ನು ಉಜ್ಜಿ ಹಿಟ್ಟಿನಷ್ಟು ನಯವಾದ ಪುಡಿಯನ್ನು ನೀರಿಗೆ ಬೆರೆಸುವುದರಿಂದ ಬೇಸಿಗೆಯಲ್ಲಿ ಭಾಗೀರಥಿ ಬೂದುಬಣ್ಣಕ್ಕೆ ತಿರುಗುತ್ತದೆ. ಗಂಗೋತ್ರಿಯ ಬಾಟಲಿಯ ತಳದಲ್ಲಿ ತೆಳುವಾದ ಬಿಳಿ ಕೆಸರು ಕಂಡರೆ ಅದನ್ನು ಕೂಡಲೇ ಕಲಬೆರಕೆಯೆಂದು ತೀರ್ಮಾನಿಸಬೇಡಿ.

ಅಂಗಡಿಯ ಪ್ಲಾಸ್ಟಿಕ್ ಬಾಟಲಿಯ ವಿಷಯದಲ್ಲಿ ಇಷ್ಟು ಉದಾರವಾಗಿರಲು ನನಗೆ ಸಾಧ್ಯವಾಗಲಿಲ್ಲ. ಚೀಟಿಯ ಮೇಲೆ ಶಿವನ ಜಟೆಯ ಚಿತ್ರ ಅಂದವಾಗಿದೆ, “ಶುದ್ಧ ಗಂಗಾಜಲ” ಎಂಬ ಅಕ್ಷರಗಳೂ ದೊಡ್ಡವೇ. ಆದರೆ ತುಂಬಿದ ಊರಿಲ್ಲ, ತುಂಬಿದ ದಿನಾಂಕವಿಲ್ಲ, ತುಂಬಿದವರ ವಿಳಾಸವೂ ಇಲ್ಲ. ಮೇಲಾಗಿ, ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಅವುಗಳನ್ನು ಅಂಗಡಿಯ ಹೊರಗೆ ಜೋಡಿಸಿಟ್ಟಿದ್ದರು. ಗಂಗಾಜಲ ಕೆಡುವುದಿಲ್ಲವೆಂಬ ಮಾತಿಗೆ ಆಧಾರವಿಲ್ಲದಿಲ್ಲ. ಈ ನೀರು ಕಾಲರಾ ರೋಗಾಣುಗಳನ್ನು ಕೊಲ್ಲುತ್ತದೆಂದು ವಿಜ್ಞಾನಿ ಹ್ಯಾನ್ಕಿನ್ 1896ರಲ್ಲಿಯೇ ವರದಿ ಮಾಡಿದ್ದರು, ಬ್ಯಾಕ್ಟೀರಿಯಾಗಳನ್ನು ನಾಶಮಾಡುವ ವೈರಾಣುಗಳು ಅದಕ್ಕೆ ಕಾರಣವಿರಬಹುದೆಂದು ಮುಂದಿನವರು ವಿವರಿಸಿದರು. ಆದರೆ ಅದು ಹರಿಯುವ ನದಿಯ ಗುಣ. ಬಿಸಿಲಲ್ಲಿ ಕಾದ ಪ್ಲಾಸ್ಟಿಕ್ಕಿಗೆ ಆ ಹೊಣೆಯನ್ನು ಹೊರಿಸಲಾಗದು. ಪ್ರೋಕ್ಷಣೆಗೆ ಬಳಸಬಹುದು, ತೀರ್ಥವಾಗಿ ಕೊಡಲು ನನಗೆ ಧೈರ್ಯ ಬರಲಿಲ್ಲ.

ತಾಮ್ರದ ಗಿಂಡಿ ಅಚ್ಚುಕಟ್ಟಾಗಿದೆ. ಬೆಸುಗೆ ಗಟ್ಟಿಯಾಗಿದ್ದು ಅಲುಗಾಡಿಸಿದರೂ ಹನಿ ಜಿನುಗುವುದಿಲ್ಲ. ಜಗುಲಿಯ ಮೇಲಿಟ್ಟು ನಿತ್ಯ ಪೂಜಿಸುವವರಿಗೆ ಇದೇ ಸರಿ. ಆದರೆ ಒಮ್ಮೆ ಒಡೆದರೆ ಮತ್ತೆ ಮುಚ್ಚಲು ಬಾರದು, ಒಳಗಿರುವ ನೀರೂ ಕೆಲವು ಚಮಚ ಮಾತ್ರ. ಕೊಟ್ಟ ಹಣದ ಬಹುಪಾಲು ಲೋಹಕ್ಕೆ ಹೋಗುತ್ತದೆಂದು ತಿಳಿದೇ ಕೊಳ್ಳಬೇಕು. ಹಾಗೆಯೇ ಗಂಗಾಜಲಕ್ಕೆ ಜಿಎಸ್‌ಟಿ ಇಲ್ಲವೆಂದು ಕೇಂದ್ರ ಸರ್ಕಾರ 2023ರಲ್ಲಿ ಸ್ಪಷ್ಟಪಡಿಸಿರುವುದರಿಂದ, ಬಾಟಲಿಯ ನೀರಿಗೆ ತೆರಿಗೆ ಸೇರಿಸಿ ಬಿಲ್ ಕೊಟ್ಟರೆ ಕೇಳುವ ಹಕ್ಕು ನಿಮಗಿದೆ.

ಇಷ್ಟಾಗಿಯೂ ಕೊಳ್ಳಲು ಮನಸ್ಸು ಒಪ್ಪದವರು ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋಗಿಬರಬಹುದು. ಭೀಮಾ–ಅಮರಜಾ ಸಂಗಮವಿರುವ ಆ ಕ್ಷೇತ್ರದ ಅಷ್ಟತೀರ್ಥಗಳಲ್ಲಿ ಭಾಗೀರಥಿ ತೀರ್ಥವೂ ಒಂದು. ಗೃಹಪ್ರವೇಶಕ್ಕೆ ಮಾತ್ರ ಅಂಚೆಯ ಬಾಟಲಿಯೇ ನನ್ನ ಆಯ್ಕೆ. ಅದು ಎಲ್ಲ ದಿನವೂ, ಎಲ್ಲ ಅಂಚೆ ಕಚೇರಿಗಳಲ್ಲೂ ಇರುತ್ತದೆಂದು ನೆಚ್ಚಿಕೊಳ್ಳದೆ, ಮುಹೂರ್ತಕ್ಕೆ ಒಂದೆರಡು ವಾರ ಮೊದಲೇ ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ ತಂದಿಟ್ಟುಕೊಳ್ಳುವುದು ಒಳ್ಳೆಯದು.