450 ರೂಪಾಯಿಯ ಹಳೇ ಕ್ಷೌರದ ಕತ್ತಿ: ನಾಲ್ಕು ವರ್ಷ ಬಳಸಿದ ಮೇಲೆ

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಹಳೇ ಸಾಮಾನು ಮಾರುವವರ ಡಬ್ಬಿಯಲ್ಲಿ ಇದು ಸಿಕ್ಕಿತು. 600 ಹೇಳಿದರು, ಚೌಕಾಸಿ ಮಾಡಿ 450ಕ್ಕೆ ತಂದೆ. ಕೊಂಬಿನ ಹಿಡಿಯನ್ನು ಹುಳ ತಿಂದಿತ್ತು, ಅಲಗು ಕಪ್ಪಗಿತ್ತು. ಅಷ್ಟು ಅಗ್ಗಕ್ಕೆ ಸಿಕ್ಕಿದ್ದೇ ಅದಕ್ಕೆ.

ಅಲಗಿನ ಮೇಲೆ ಕತ್ತಿಗಳಿಗೆ ಹೆಸರಾದ ಜರ್ಮನಿಯ ಸೋಲಿಂಗೆನ್ ಊರಿನ ಹೆಸರಿದೆ. ಇಂಗ್ಲೆಂಡಿನ ಶೆಫೀಲ್ಡ್ ಕತ್ತಿಗಳೂ ಒಳ್ಳೆಯವೇ. ಆದರೆ ಊರಿನ ಹೆಸರು ನೋಡಿ ದುಡ್ಡು ಕೊಡಬೇಡಿ. ನಾನು ಮೊದಲು ಹಾಗೇ ಮೋಸ ಹೋದೆ. ಆನ್‌ಲೈನ್‌ನಲ್ಲಿ 1,800 ಕೊಟ್ಟು ಫಳಫಳ ಹೊಳೆಯುವ ಕತ್ತಿ ತರಿಸಿದ್ದೆ. ಪಾಲಿಶ್ ಚೆಂದ, ಹರಿತ ಇಲ್ಲ. ಚಾಕು ಸಾಣೆ ಹಿಡಿಯುವ ಒಬ್ಬರಿಗೆ ಕೊಟ್ಟೆ. ಚಕ್ರದ ಬಿಸಿಗೆ ಅಂಚು ನೀಲಿಯಾಯಿತು. ಉಕ್ಕಿನ ಹದ ಹೋದರೆ ಮುಗೀತು, ಎಷ್ಟು ಮಸೆದರೂ ಹರಿತ ನಿಲ್ಲಲ್ಲ. ಅದರಲ್ಲಿ ಈಗ ಪಾರ್ಸಲ್ ಬಿಚ್ಚುತ್ತೇನೆ.

ಕೊಳ್ಳುವಾಗ ಕತ್ತಿಯನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಅಂಚನ್ನೇ ನೇರ ನೋಡಿ. ಬಿಳಿ ಚುಕ್ಕೆ ಮಿನುಗಿದರೆ ಅಲ್ಲಿ ಅಂಚು ಮೊಂಡಾಗಿದೆ ಅಥವಾ ಚಕ್ಕೆ ಎದ್ದಿದೆ. ಮಸೆದರೆ ಸಣ್ಣ ಚಕ್ಕೆ ಹೋಗುತ್ತದೆ, ಬಿರುಕು ಹೋಗಲ್ಲ. ಆಮೇಲೆ ಬೆನ್ನು, ಅಂದರೆ ಅಂಚಿನ ಎದುರಿನ ದಪ್ಪ ಬದಿ, ನೋಡಿ. ಮಸೆಯುವಾಗ ಬೆನ್ನು ಮತ್ತು ಅಂಚು ಎರಡೂ ಕಲ್ಲಿನ ಮೇಲೆ ಕೂರಬೇಕು, ಕೋನ ಸಿಗುವುದೇ ಹಾಗೆ. ಬೆನ್ನು ಒಂದು ಕಡೆ ಜಾಸ್ತಿ ಸವೆದಿದ್ದರೆ ಬಿಟ್ಟುಬಿಡಿ. ಮೇಲಿನ ಕಪ್ಪು ಕಲೆಗೆ ಹೆದರಬೇಡಿ. ಅಂಚಿನಲ್ಲೇ ತುಕ್ಕಿನ ಗುಳಿ ಇದ್ದರೆ ಮಾತ್ರ ಬೇಡ.

ನಿಜವಾದ ಖರ್ಚು ಮಸೆಯುವ ಕಲ್ಲುಗಳದ್ದು. 1000, 4000, 8000 ನಂಬರಿನ (ನಂಬರ್ ಹೆಚ್ಚಿದಷ್ಟೂ ಕಲ್ಲು ನಯ) ಮೂರು ಕಲ್ಲಿಗೆ ಕತ್ತಿಯ ಹತ್ತು ಪಟ್ಟು ಹೋಯಿತು. ಮನೆಯಲ್ಲಿ ಇನ್ನೂ ಅದರ ಮಾತು ಬರುತ್ತದೆ! ಪ್ರತಿ ಸಲ ಕ್ಷೌರಕ್ಕೆ ಮೊದಲು ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ನಲವತ್ತು–ಐವತ್ತು ಸಲ ಎಳೆಯಬೇಕು. ಅಂಚು ಮುಂದಾದರೆ ಪಟ್ಟಿಯೇ ಸೀಳುತ್ತದೆ. ನನ್ನದರಲ್ಲಿ ಎರಡು ಗಾಯ ಇವೆ.

ಮೊದಲ ತಿಂಗಳು ಗದ್ದದ ಮೇಲೆ ರಕ್ತ ಸಾಮಾನ್ಯ. ಸುಮ್ನೆ ಒತ್ತುತ್ತಿದ್ದೆ, ಅದೇ ತಪ್ಪು. ಚರ್ಮ ಬಿಗಿಯಾಗಿ ಎಳೆದು, ಅಲಗನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆ ಹಿಡಿದರೆ ಕತ್ತಿಯ ಭಾರವೇ ಸಾಕು. ಅಲಗು ತೆಳ್ಳಗಿರುವುದರಿಂದ ಕೂದಲು ಕತ್ತರಿಸುವಾಗ ಸರ್ರ್ ಅಂತ ಸದ್ದು ಬರುತ್ತದೆ. ಆ ಸದ್ದಿಗೇ ನಾನು ಭಾನುವಾರ ಕಾಯುತ್ತೇನೆ. ಅವಸರ ಇರುವ ದಿನ ಮಾತ್ರ ಇದನ್ನು ಮುಟ್ಟಲ್ಲ.

ನಾನಿರುವುದು ಧಾರವಾಡದಲ್ಲಿ. ಇಲ್ಲಿನ ಮಳೆಗಾಲ ಗೊತ್ತಲ್ವಾ? ಒಮ್ಮೆ ಒರೆಸದೆ ಇಟ್ಟೆ, ಮರುದಿನವೇ ಕೆಂಪು ಚುಕ್ಕೆ. ಈಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡುತ್ತೇನೆ. ಹುಳ ತಿಂದ ಹಿಡಿ ತೆಗೆಸಿ, ಪರಿಚಯದ ಬಡಿಗೇರರಿಂದ ಬೀಟೆ ಮರದ್ದು ಹಾಕಿಸಿದೆ. ಅದರ ಮೊಳೆ ಆಗಾಗ ಸಡಿಲಾಗುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ಎರಡು ಏಟು ಕೊಟ್ಟರೆ ಮತ್ತೆ ಮೂರು ತಿಂಗಳು ಸುಮ್ಮನಿರುತ್ತದೆ.