ಮರಿ ಬೆಕ್ಕು ಸುಮ್ಮನಾಯಿತು ಅಂದ್ರೆ ಒಗ್ಗಿಕೊಂಡಿತು ಅಂತಲ್ಲ

ಮನೆಗೆ ಬೆಕ್ಕಿನ ಮರಿ ತರಬೇಕು ಅಂತಿರುವವರು, ಅದರಲ್ಲೂ ಹಬ್ಬದ ರಜೆಯಲ್ಲಿ ತಂದರೆ ಮಕ್ಕಳಿಗೆ ಖುಷಿ ಅಂದುಕೊಂಡಿರುವವರು, ಇದನ್ನು ದಯವಿಟ್ಟು ಪೂರ್ತಿ ಓದಿ. ನಾವು ಮಾಡಿದ ತಪ್ಪಿಗೆ ಒಂದು ಮರಿ ತಿಂಗಳುಗಟ್ಟಲೆ ಬೀರುವಿನ ಹಿಂದೆ ಬದುಕಿತು. ಆರು ವರ್ಷದ ಹುಡುಗ ರೇಬೀಸ್ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕಾಯಿತು. ನಮ್ಮನೆಯಲ್ಲಿ ಯಾರೂ ಆ ಮರಿಗೆ ಹೊಡೆದಿರಲಿಲ್ಲ, ಬೈದೂ ಇರಲಿಲ್ಲ. ಎಲ್ಲರೂ ಮುದ್ದು ಮಾಡಲು ಹೋದವರೇ.

ನಮ್ಮ ಮನೆ ಮೈಸೂರಿನಲ್ಲಿ. ಮಗಳು ಎರಡು ವರ್ಷದಿಂದ ಬೆಕ್ಕು ಬೇಕು ಅಂತ ಹಟ ಹಿಡಿದಿದ್ದಳು. ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಆನ್‌ಲೈನ್‌ನಲ್ಲಿ ಫೋಟೊ ನೋಡಿ, ಆರು ಸಾವಿರ ಕೊಟ್ಟು ಒಂದು ಪರ್ಷಿಯನ್ ಮರಿ ತರಿಸಿಕೊಂಡೆವು. "ಎರಡು ತಿಂಗಳ ಮರಿ ಮೇಡಂ, ತುಂಬಾ ಫ್ರೆಂಡ್ಲಿ, ಎಲ್ಲಾ ತಿನ್ನುತ್ತೆ" ಅಂದರು ಮಾರುವವರು. ತಾಯಿಬೆಕ್ಕಿನ ಜೊತೆ ಇರುವ ಒಂದು ವೀಡಿಯೊ ಕಳಿಸಿ ಅಂದೆ. ತಾಯಿ ಬೇರೆ ಕಡೆ ಇದೆ ಅಂದರು. ಅಲ್ಲೇ ನಾನು ನಿಲ್ಲಿಸಬೇಕಿತ್ತು. ಬೇಗ ತಂದರೆ ಬೇಗ ಒಗ್ಗುತ್ತೆ ಅಂತಲೂ ಅವರೇ ಹೇಳಿದ್ದು, ಅದು ನಮಗೆ ಸರಿ ಅನ್ನಿಸಿಬಿಟ್ಟಿತು. ಬಸ್ಸಿನಲ್ಲಿ ಹಣ್ಣಿನ ಬುಟ್ಟಿಯೊಳಗೆ ಬಂದಿಳಿದಳು. ಹಬ್ಬದ ಹೊತ್ತಿಗೆ ಬಂದಿದ್ದಕ್ಕೆ ಗೌರಿ ಅಂತಲೇ ಹೆಸರಿಟ್ಟೆವು.

ಮೊದಲ ದಿನ ಹಸುವಿನ ಹಾಲಿಗೆ ನೀರು ಬೆರೆಸಿ ಕೊಟ್ಟೆವು. ಎರಡನೇ ದಿನ ಬೆಳಗ್ಗೆ ಭೇದಿ. ಡಾಕ್ಟರ್ ಹತ್ತಿರ ಓಡಿದೆವು. ಅವರು ಬಾಯಿ ಬಿಡಿಸಿ ಹಲ್ಲು ನೋಡಿದರು. ಮುಂದಿನ ಸಣ್ಣ ಹಲ್ಲು, ಕೋರೆಹಲ್ಲು ಬಂದಿದ್ದವು, ದವಡೆಯಲ್ಲಿ ಇನ್ನೂ ಏನೂ ಇರಲಿಲ್ಲ. ಕಣ್ಣು ಇನ್ನೂ ನೀಲಿ. ತೂಕ 420 ಗ್ರಾಂ. "ಎರಡು ತಿಂಗಳ ಮರಿ ಅಲ್ಲಮ್ಮ ಇದು. ನಾಲ್ಕು ವಾರ, ಹೆಚ್ಚೆಂದ್ರೆ ಐದು. ಇನ್ನೂ ತಾಯಿ ಹತ್ತಿರ ಇರಬೇಕಿತ್ತು" ಅಂದರು. ಹಸುವಿನ ಹಾಲು ಬಿಡಿಸಿ, ಮರಿಗಳಿಗೇ ಅಂತ ಸಿಗುವ ಹಾಲಿನ ಪುಡಿ ಬರೆದುಕೊಟ್ಟರು. ಒಂದು ಚಿಕ್ಕ ರೂಮಿನಲ್ಲಿ, ಗಲಾಟೆ ಇಲ್ಲದ ಕಡೆ ಇಡಿ ಅಂತಲೂ ಹೇಳಿದರು.

ಹಾಲಿನ ಮಾತು ಕೇಳಿದೆವು, ರೂಮಿನ ಮಾತು ಕೇಳಲಿಲ್ಲ. ಹಬ್ಬಕ್ಕೆ ಮನೆ ತುಂಬಾ ಜನ, ಚಿಕ್ಕ ರೂಮಿನಲ್ಲಿ ಬಂದವರ ಬ್ಯಾಗು, ಹಾಸಿಗೆ. ಬಂದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಎತ್ತಿಕೊಂಡರು, ಫೋಟೊ ತೆಗೆಸಿಕೊಂಡರು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತೆ ಅಂತ ಹಿರಿಯರು ಹೇಳುತ್ತಾರಲ್ಲ, ತಾಯಿ ಹಾಗೆ ಹೊತ್ತು ತಿರುಗುವುದು ಮರಿಗೆ ಏನೂ ಆಗಬಾರದು ಅಂತ. ನಾವು ಒಂದೇ ದಿನದಲ್ಲಿ ಏಳು ಮಡಿಲು ಸುತ್ತಿಸಿದೆವು, ತಾಯಿಯೂ ಇರಲಿಲ್ಲ. ಬೀದಿಯ ಗಣಪತಿ ಬಿಡುವ ದಿನ ತಮಟೆ, ಪಟಾಕಿ. ಅವತ್ತು ರಾತ್ರಿ ಅವಳು ಬೀರುವಿನ ಹಿಂದಿನ ಸಂದಿಗೆ ನುಗ್ಗಿದವಳು ಮಾರನೇ ದಿನ ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ.

ಮುಂದೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಈ ಬರಹ ಮುಖ್ಯವಾಗಿ ಅದಕ್ಕೇ. ಹೆದರುವ ಮರಿಯನ್ನು ಸರಿ ಮಾಡುವುದು ಹೇಗೆ ಅಂತ ಹುಡುಕಿದಾಗ ಒಂದು ವೀಡಿಯೊ ಸಿಕ್ಕಿತು. ದಿನಕ್ಕೆ ಮೂರು ಸಲ ಎತ್ತಿಕೊಳ್ಳಿ, ಒದ್ದಾಡಿದರೂ ಬಿಡಬೇಡಿ, ಸುಮ್ಮನಾದ ಮೇಲೆ ಬಿಡಿ, ಆಗ ನೀವು ಅಪಾಯ ಅಲ್ಲ ಅಂತ ಅದಕ್ಕೆ ಗೊತ್ತಾಗುತ್ತೆ, ಹೀಗಿತ್ತು ಅದರಲ್ಲಿ. ನಾನೇ ಮಾಡಿದೆ, ಹತ್ತು ದಿನ. ಸಂದಿಯಿಂದ ಎಳೆದು, ಟವೆಲ್‌ನಲ್ಲಿ ಸುತ್ತಿ, ಮಡಿಲಲ್ಲಿ ಹಿಡಿದುಕೊಂಡೆ. ಮೊದಮೊದಲು ಪರಚಿದಳು, ಬುಸ್ ಅಂದಳು. ನಾಲ್ಕನೇ ದಿನಕ್ಕೆ ಸುಮ್ಮನಾದಳು. ನೋಡಿ ಎಷ್ಟು ಬೇಗ ಪಳಗಿದಳು ಅಂತ ಅತ್ತೆಗೆ ತೋರಿಸಿದೆ.

ಅವಳು ಪಳಗಿರಲಿಲ್ಲ. ಓಡುವುದಕ್ಕೆ ದಾರಿಯಿಲ್ಲ ಅಂತ ಗೊತ್ತಾದ ಪ್ರಾಣಿ ಕಲ್ಲಿನ ಹಾಗೆ ಮರಗಟ್ಟುತ್ತೆ, ಅಷ್ಟೇ. ಆಗ ನನಗೆ ತಿಳಿಯಲಿಲ್ಲ, ಈಗ ಆ ದಿನಗಳ ಫೋಟೊ ನೋಡಿದರೆ ಎಲ್ಲವೂ ಅದರಲ್ಲೇ ಇದೆ. ಕಿವಿ ಪಕ್ಕಕ್ಕೆ ಚಪ್ಪಟೆಯಾಗಿವೆ. ಹಗಲು ಬೆಳಕಿನಲ್ಲೂ ಕಣ್ಣಿನ ಪಾಪೆ ಪೂರ್ತಿ ಅಗಲವಾಗಿ ಕಪ್ಪಗಿವೆ. ಬಾಲ ಹೊಟ್ಟೆಗೆ ಅಂಟಿಕೊಂಡಿದೆ, ಮೈ ಮುದುಡಿದೆ. ನಿಜವಾಗಿ ನೆಮ್ಮದಿಯಾಗಿರುವ ಮರಿ ಮೈ ಸಡಿಲ ಬಿಡುತ್ತೆ, ಬಾಲ ನೆಟ್ಟಗೆ ಎತ್ತಿಕೊಂಡು ತಾನಾಗಿ ಬರುತ್ತೆ, ಕೆನ್ನೆ ತಿಕ್ಕುತ್ತೆ, ಹಿಟ್ಟು ನಾದುವ ಹಾಗೆ ಮುಂಗಾಲು ಒತ್ತುತ್ತೆ. ಗುರುಗುಟ್ಟುವುದನ್ನು ಒಂದನ್ನೇ ನಂಬಬೇಡಿ, ನೋವಿದ್ದಾಗಲೂ ಹೆದರಿದಾಗಲೂ ಬೆಕ್ಕು ಗುರುಗುಟ್ಟಬಹುದು.

ಆಮೇಲೆ ಡಾಕ್ಟರ್ ವಿವರಿಸಿದ್ದು ಕೇಳಿ ನನಗೆ ತುಂಬಾ ಸಂಕಟ ಆಯಿತು. ಬೆಕ್ಕಿನ ಮರಿ ಮನುಷ್ಯರನ್ನು ನಂಬಬಹುದು ಅಂತ ಸುಲಭವಾಗಿ ಕಲಿಯುವ ಕಾಲ ತೀರಾ ಚಿಕ್ಕದು, ಸುಮಾರು 2ನೇ ವಾರದಿಂದ 7ನೇ ವಾರದವರೆಗೆ, ಕೆಲವು ಮರಿಗಳಲ್ಲಿ 9ರವರೆಗೆ. ಗೌರಿ ನಮ್ಮನೆಗೆ ಬಂದಾಗ ಅದರ ಮಧ್ಯದಲ್ಲೇ ಇದ್ದಳು. ಹಾಗಂತ ಆ ವಯಸ್ಸಿಗೆ ಮನೆಗೆ ತರಬೇಕು ಅಂತಲ್ಲ. ಮಾರುವವರು ತಿರುಚುವುದು ಇಲ್ಲೇ. ಆ ವಾರಗಳಲ್ಲಿ ಮರಿ ತಾಯಿ ಮತ್ತು ಒಡಹುಟ್ಟುಗಳ ಜೊತೆಯಲ್ಲೇ ಇರಬೇಕು, ಜನ ಅಲ್ಲಿಗೆ ಹೋಗಿ ಮೆಲ್ಲಗೆ ಮುಟ್ಟಿ ಮಾತಾಡಿಸಬೇಕು. ಜೋರಾಗಿ ಕಚ್ಚಿದರೆ ತಮ್ಮನೋ ತಂಗಿಯೋ ಕಿರುಚಿ ಆಟ ನಿಲ್ಲಿಸುತ್ತೆ, ಹಲ್ಲಿಗೆ ಎಷ್ಟು ಜೋರು ಕೊಡಬೇಕು ಅನ್ನುವುದನ್ನು ಮರಿ ಕಲಿಯುವುದು ಹಾಗೆ. ಕಡಿಮೆ ಅಂದರೂ 8 ವಾರ, ಆದರೆ 12 ವಾರ ಅಲ್ಲೇ ಬಿಡುವುದು ಒಳ್ಳೆಯದು. ನಮ್ಮ ಗೌರಿಗೆ ಅದೂ ಸಿಗಲಿಲ್ಲ, ಇಲ್ಲಿ ಬಂದ ಮೇಲೆ ನಾವು ಬೆರಳು ಆಡಿಸಿ ಆಟ ಕಲಿಸಿದೆವು. ಕೈ ಅಂದರೆ ಕಚ್ಚುವ ವಸ್ತು, ಇಲ್ಲವೇ ತನ್ನನ್ನು ಹಿಡಿಯಲು ಬರುವ ವಸ್ತು, ಎರಡೇ ಅವಳಿಗೆ ಗೊತ್ತಿದ್ದದ್ದು.

ದಸರಾ ರಜೆಗೆ ನಾದಿನಿ ಬಂದಳು. ಅವಳ ಮಗ ಬೀರುವಿನ ಸಂದಿಗೆ ಕೈ ಹಾಕಿದ. ಹೆಬ್ಬೆರಳ ಬುಡದಲ್ಲಿ ಎರಡು ಹಲ್ಲು ಆಳಕ್ಕೆ ಇಳಿದವು. ಮರಿಗೆ ಆಗ ಹತ್ತು ವಾರ ಇರಬಹುದು, ರೇಬೀಸ್ ಲಸಿಕೆ ಹಾಕುವುದು 12 ವಾರ ಆದ ಮೇಲೆ, ಹಾಗಾಗಿ ಅದು ಆಗಿರಲಿಲ್ಲ. ಅತ್ತೆ ಗಾಬರಿಯಲ್ಲಿ ಅರಿಶಿನ ತಂದರು, ನನ್ನ ಗಂಡ ತಡೆದು ನಲ್ಲಿ ಕೆಳಗೆ ಸೋಪು ಹಾಕಿ ಕಾಲು ಗಂಟೆ ತೊಳೆದರು. ಅದು ಸರಿಯಾದ ಕೆಲಸ, ಗಾಯದ ಮೇಲೆ ಅರಿಶಿನ, ಕಾಫಿಪುಡಿ ಏನೂ ಹಾಕಬಾರದು. ರಕ್ತ ಬಂದಿದ್ದರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ಸುತ್ತಲೂ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ವೈರಸ್ಸನ್ನು ಕೂಡಲೇ ತಡೆಯುವ ಇಂಜೆಕ್ಷನ್) ಕೊಟ್ಟರು, ಎರಡೂ ತೋಳಿಗೆ ಲಸಿಕೆ ಹಾಕಿದರು. ಮತ್ತೆ 3ನೇ ದಿನ, 7ನೇ ದಿನ, 28ನೇ ದಿನ. ಪಾಪ, ಆ ಹುಡುಗ ಅರಮನೆ ದೀಪ ನೋಡಲು ಬಂದವನು. ಮನೆ ಬೆಕ್ಕು, ಮರಿ ಬೆಕ್ಕು ಅಂತ ದಯವಿಟ್ಟು ಸುಮ್ನಿರಬೇಡಿ. ಕಚ್ಚಿದರೂ ಪರಚಿದರೂ ಅವತ್ತೇ ಆಸ್ಪತ್ರೆಗೆ ಹೋಗಿ.

ಆ ದಿನ ಸಂಜೆ ಮನೆಯಲ್ಲಿ ಅವಳನ್ನು ಎಲ್ಲಾದರೂ ಬಿಟ್ಟುಬರುವ ಮಾತು ಬಂತು. ನಾನು ಒಪ್ಪಲಿಲ್ಲ. ಹೀಗೆ ಮಾಡಿದ್ದು ನಾವು, ಅವಳಲ್ಲ. ಮಾರನೇ ದಿನವೇ ಚಿಕ್ಕ ರೂಮು ಖಾಲಿ ಮಾಡಿದೆವು. ಒಂದು ಮೂಲೆಯಲ್ಲಿ ಲಿಟರ್ ಟ್ರೇ (ಬೆಕ್ಕಿನ ಕಕ್ಕಸಿನ ತಟ್ಟೆ), ಅದಕ್ಕೆ ದೂರದ ಮೂಲೆಯಲ್ಲಿ ಊಟ, ನೀರು. ಎರಡು ಬಾಗಿಲು ಕೊರೆದ ರಟ್ಟಿನ ಡಬ್ಬಿ, ಅದರೊಳಗೆ ನನ್ನ ಹಳೇ ಕಾಟನ್ ಸೀರೆ. ಅವಳು ಡಬ್ಬಿಯೊಳಗಿದ್ದರೆ ಯಾರೂ ಕೈ ಹಾಕುವಂತಿಲ್ಲ, ಇದೊಂದು ನಿಯಮ. ನಾನು ದಿನಾ ಸಂಜೆ ನೆಲದ ಮೇಲೆ, ಅವಳಿಗೆ ಪಕ್ಕ ಮಾಡಿ ಕೂತು, ಮಗಳ ಪಾಠದ ಪುಸ್ತಕ ಮೆಲುದನಿಯಲ್ಲಿ ಓದುತ್ತಿದ್ದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿದ ಕೋಳಿಯ ಚೂರನ್ನು ದೂರದಲ್ಲಿಟ್ಟು, ವಾರಕ್ಕೊಂದು ಗೇಣಿನಷ್ಟು ಹತ್ತಿರ ತಂದೆ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಮನೆಯ ಸಾರಿನ ಪೀಸು ಕೊಡುವವರು ಗಮನಿಸಿ. ಆಟಕ್ಕೆ ಪರಕೆ ಕಡ್ಡಿಯ ತುದಿಗೆ ಬಟ್ಟೆ ಚೂರು ಕಟ್ಟಿದೆವು, ಆಟ ಮುಗಿದ ತಕ್ಷಣ ಎತ್ತಿಡುತ್ತಿದ್ದೆವು, ದಾರ ನುಂಗಿದರೆ ಕರುಳಿಗೆ ಅಪಾಯ. ಬೆರಳಾಟ ಪೂರ್ತಿ ಬಂದ್. ಅವಳ ಕಡೆ ನೆಟ್ಟ ನೋಟದಿಂದ ನೋಡದೆ, ಕಣ್ಣನ್ನು ನಿಧಾನವಾಗಿ ಅರೆ ಮುಚ್ಚಿ ತೆರೆಯುವುದು ಕೂಡ ಸಹಾಯ ಮಾಡಿತು. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರೂ ಇದನ್ನು ನೋಡಿದ್ದಾರೆ, ಹಾಗೆ ಕಣ್ಣು ಮಿಟುಕಿಸಿದವರ ಹತ್ತಿರ ಬೆಕ್ಕುಗಳು ಜಾಸ್ತಿ ಬರುತ್ತವೆ ಅಂತ.

ಹತ್ತೊಂಬತ್ತನೇ ದಿನ ಕೋಳಿ ಚೂರನ್ನು ನನ್ನ ಅಂಗೈಯಿಂದ ತಿಂದಳು. ತಾನಾಗಿ ಮಡಿಲಿಗೆ ಬರಲು ಐದು ತಿಂಗಳು ಬೇಕಾಯಿತು. ಈಗ ಅವಳಿಗೆ ಎರಡು ವರ್ಷ. ನನ್ನ, ಮಗಳ, ಅತ್ತೆಯ ಹತ್ತಿರ ಬರುತ್ತಾಳೆ, ಅತ್ತೆ ಸೊಪ್ಪು ಬಿಡಿಸುವಾಗ ಪಕ್ಕದಲ್ಲೇ ಮಲಗಿರುತ್ತಾಳೆ. ಕಾಲಿಂಗ್ ಬೆಲ್ ಆದರೆ ಮಾತ್ರ ಇವತ್ತಿಗೂ ಬೀರುವಿನ ಹಿಂದೆ. ಹೋದ ದಸರಾಕ್ಕೆ ಆ ಹುಡುಗ ಮತ್ತೆ ಬಂದಿದ್ದ. ನಾನು ಹೇಳಿಕೊಟ್ಟ ಹಾಗೆ ನೆಲದಲ್ಲಿ ಕೂತು, ಅವಳ ಕಡೆ ನೋಡದೆ, ಚಿತ್ರ ಬರೆಯುತ್ತಿದ್ದ. ಮೂರನೇ ದಿನ ಬಾಗಿಲ ತನಕ ಬಂದಳು. ಒಳಗೆ ಬರಲಿಲ್ಲ.

ಅದೇ ವರ್ಷ ಎದುರುಮನೆಯವರ ಸಜ್ಜೆ ಮೇಲೆ ಬೀದಿ ಬೆಕ್ಕೊಂದು ಮೂರು ಮರಿ ಹಾಕಿತ್ತು. ಅವರು ದುಡ್ಡು ಕೊಟ್ಟಿಲ್ಲ, ವೀಡಿಯೊ ನೋಡಿಲ್ಲ. ತಾಯಿ ಊಟಕ್ಕೆ ಇಳಿದಾಗ ದಿನಾ ಸ್ವಲ್ಪ ಹೊತ್ತು ಮನೆಯ ಒಬ್ಬೊಬ್ಬರು ಮರಿಗಳನ್ನು ಕೈಯಲ್ಲಿ ಹಿಡಿದು, ಒದ್ದಾಡುವ ಮುಂಚೆಯೇ ವಾಪಸ್ ಇಡುತ್ತಿದ್ದರು. ಮಿಕ್ಸಿ, ಕುಕ್ಕರ್ ವಿಷಲ್, ಟಿವಿ ಎಲ್ಲಾ ದೂರದಿಂದ ಕೇಳುತ್ತಲೇ ಬೆಳೆದವು. ಹತ್ತು ವಾರದ ನಂತರ ಎರಡನ್ನು ಒಂದೇ ಮನೆಗೆ ಕೊಟ್ಟರು. ಉಳಿಸಿಕೊಂಡ ಒಂದು, ನಲ್ಲಿ ರಿಪೇರಿಗೆ ಬಂದವರ ಚೀಲದ ಮೇಲೆ ಹತ್ತಿ ನಿದ್ದೆ ಮಾಡುತ್ತೆ.

ಮರಿ ತರುವ ಮುಂಚೆ ತಾಯಿಯ ಜೊತೆ ಇರುವಾಗ ನೀವೇ ಹೋಗಿ ನೋಡಿ. ತೋರಿಸುವುದಿಲ್ಲ ಅಂದರೆ ತರಬೇಡಿ. ದವಡೆ ಹಲ್ಲು ಬಂದಿದೆಯಾ ಕೇಳಿ, ತೂಕ ಕೇಳಿ, ಎರಡು ತಿಂಗಳ ಮರಿ ಸಾಮಾನ್ಯವಾಗಿ 800 ಗ್ರಾಂ ಆಸುಪಾಸು ಇರುತ್ತೆ. ಹಬ್ಬ, ಮದುವೆ, ಗೃಹಪ್ರವೇಶದ ವಾರದಲ್ಲಿ ಬೇಡವೇ ಬೇಡ. ಗೊತ್ತಿಲ್ಲದೆ ಐದು ವಾರದ್ದನ್ನು ತಂದುಬಿಟ್ಟಿದ್ದರೆ, ತಾಯಿ ಇನ್ನೂ ಅಲ್ಲೇ ಇದ್ದರೆ, ಡಾಕ್ಟರ್ ಹತ್ತಿರ ಕೇಳಿಕೊಂಡು ಮರಿಯನ್ನು ವಾಪಸ್ ಬಿಟ್ಟು ಆರು ವಾರ ಬಿಟ್ಟು ಕರೆತನ್ನಿ. ಅದು ಆಗದಿದ್ದರೆ ಜೊತೆಗೆ ಹುಟ್ಟಿದ ಇನ್ನೊಂದು ಮರಿ ಸಿಗುತ್ತಾ ಕೇಳಿ, ಚಿಕ್ಕ ರೂಮು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ, ಮರಿಗಳ ಹಾಲು, ಇಷ್ಟರಿಂದ ಶುರು ಮಾಡಿ. ಎತ್ತಿಕೊಂಡಾಗ ಇಳಿಯಬೇಕು ಅಂತ ಒದ್ದಾಡಿದರೆ ತಕ್ಷಣ ಇಳಿಸಿ. ಮುಂದಿನ ಸಲ ಹತ್ತಿರ ಬರೋಕೆ ಅದಕ್ಕೆ ಧೈರ್ಯ ಇರುತ್ತೆ.