ಸಂಜೆ ಮಕ್ಕಳನ್ನು ಮನೆಗೇ ಕಳುಹಿಸುವ ಒಂದು ಮಿಷನ್ ಕೇಂದ್ರ

ನಿವೃತ್ತಿಗೆ ಮುಂಚಿನ ಮೂರು ವರ್ಷ ನಾನು ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕನಾಗಿದ್ದೆ. ಆ ಅವಧಿಯಲ್ಲಿ ನಮ್ಮ ಶಾಲೆಯ ಒಂಬತ್ತು ಮಕ್ಕಳು ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸುವ ಒಂದು ಸಂಜೆ ಕೇಂದ್ರಕ್ಕೆ ಹೋಗುತ್ತಿದ್ದರು. ಅವರನ್ನು ಕಳುಹಿಸಿದವನು ನಾನೇ ಆದ್ದರಿಂದ ಆ ಕೇಂದ್ರದ ಸೇವೆ ಹೇಗಿದೆ ಎಂದು ಬರೆಯುವ ಹೊಣೆಯೂ ನನ್ನದೇ ಎಂದುಕೊಂಡಿದ್ದೇನೆ. ಕೇಂದ್ರದ ಹೆಸರನ್ನಾಗಲೀ ಊರನ್ನಾಗಲೀ ಇಲ್ಲಿ ಕೊಡುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ಹೊರಬೀಳುವಂಥದ್ದೇನನ್ನೂ ಪ್ರಕಟಿಸಬಾರದು ಎನ್ನುತ್ತದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಕೇಂದ್ರದ ಹೆಸರು ಹೇಳಿದರೆ ಯಾರ ಮನೆಯ ಮಗು ಎಂಬುದು ತಾನಾಗಿಯೇ ತಿಳಿದುಬಿಡುತ್ತದೆ.

ಕೇಂದ್ರ ದೊಡ್ಡದೇನಲ್ಲ. ಮಂಗಳೂರು ಹೆಂಚಿನ ಒಂದು ಉದ್ದನೆಯ ಕೊಠಡಿ, ಅದಕ್ಕೆ ಅಂಟಿದ ಅಡುಗೆಮನೆ, ಹಿಂದೆ ಕೈತೋಟ. ಶಾಲೆ ಬಿಟ್ಟ ಮಕ್ಕಳು ನಾಲ್ಕೂವರೆಗೆ ಬರುತ್ತಾರೆ. ಕೈಕಾಲು ತೊಳೆದು, ಕಡಲೆ ಉಸಲಿಯನ್ನೋ ರಾಗಿ ಅಂಬಲಿಯನ್ನೋ ತೆಗೆದುಕೊಂಡು, ಆರು ಗಂಟೆಯವರೆಗೆ ಓದಿ ಬರೆದು ಮನೆಗೆ ಹೋಗುತ್ತಾರೆ. ಶುಲ್ಕವಿಲ್ಲ. ಪಾಠ ಹೇಳುವವರು ಇಬ್ಬರು ಸಿಸ್ಟರ್‌ಗಳು ಮತ್ತು ಅದೇ ಊರಿನ, ಡಿ.ಎಡ್. ಮುಗಿಸಿದ ಒಬ್ಬ ಹೆಣ್ಣುಮಗಳು. ಪಾಠದ ಗುಣಮಟ್ಟ ಸಾಧಾರಣ. ಅದಕ್ಕಿಂತ ಚೆನ್ನಾಗಿ ಗಣಿತ ಹೇಳಿಕೊಡುವ ಟ್ಯೂಷನ್‌ಗಳು ಮಂಡ್ಯದಲ್ಲಿ ಬೇಕಾದಷ್ಟಿವೆ. ಈ ಕೇಂದ್ರದ ನಿಜವಾದ ಕೆಲಸ ಆರು ಗಂಟೆಯ ಮೇಲೆ, ಮಕ್ಕಳ ಮನೆಗಳಲ್ಲಿ ನಡೆಯುತ್ತದೆ.

ಅದನ್ನು ನಾನು ಮೊದಲು ಕಂಡದ್ದು ಐದನೇ ತರಗತಿಯ ಒಬ್ಬ ಹುಡುಗಿಯ ವಿಷಯದಲ್ಲಿ. ತಂದೆ ಸಾಲ ಮಾಡಿಟ್ಟು ತೀರಿಕೊಂಡಿದ್ದ. ತಾಯಿ ಆಲೆಮನೆಯಲ್ಲಿ ಕೂಲಿ ಮಾಡುತ್ತಿದ್ದಳು. ಒಂದು ದಿನ ಮಗಳ ಕೈ ಹಿಡಿದುಕೊಂಡು ಶಾಲೆಗೆ ಬಂದು, "ಮೇಷ್ಟ್ರೇ, ಇವಳ್ನ ಸಿಸ್ಟರಮ್ಮೋರ ಹಾಸ್ಟೆಲ್ಗೆ ಹಾಕ್ಸ್‌ಬುಡಿ, ಅಲ್ಲಾದ್ರೂ ಎಲ್ಡೊತ್ತು ಉಣ್ಣುತ್ತೆ ಮಗ" ಎಂದಳು. ನನಗೂ ಅದೇ ಸರಿ ಎನ್ನಿಸಿ ಇಬ್ಬರನ್ನೂ ಕರೆದುಕೊಂಡು ಹೋದೆ. ಹಿರಿಯ ಸಿಸ್ಟರ್ ಕೇರಳದ ಕಡೆಯವರು, ಮಂಡ್ಯದ ಮಾತನ್ನು ಮಂಡ್ಯದವರ ಹಾಗೆಯೇ ಆಡುತ್ತಾರೆ. ಅವರು ಆ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಮಗೀನ ನಾವು ಇಟ್ಕೊಂಡ್ರೆ ನಿಮ್ಮ ಮನೆ ಕಷ್ಟ ತೀರುತ್ತಾ ಅವ್ವಾ?" ಎಂದು ಕೇಳಿದರು. ಆಕೆ ಅತ್ತಳು. ಮಗುವನ್ನು ಇಟ್ಟುಕೊಳ್ಳಲಿಲ್ಲ. ಅಂದು ಸಂಜೆಯೇ ಸಿಸ್ಟರ್ ಅವರ ಮನೆಗೆ ಹೋದರು.

ಆ ಮೇಲಿನದು ಕಾಗದಪತ್ರದ ಕೆಲಸ, ಮತ್ತು ಈ ಸೇವೆಯಲ್ಲಿ ನಾನು ಅತ್ಯಂತ ಮೆಚ್ಚಿದ್ದು ಅದನ್ನೇ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ, ತಂದೆಯಿಲ್ಲದ, ತಾಯಿಯ ಆಸರೆಯಲ್ಲಿಯೇ ಬೆಳೆಯುತ್ತಿರುವ ಮಗುವಿಗೆ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವದ ನೆರವು ಸಿಗಲು ಅವಕಾಶವಿದೆ. ಹಳ್ಳಿಯ ಕುಟುಂಬವಾದರೆ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು, ಪಟ್ಟಣವಾದರೆ 96,000. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮುಖ್ಯ ಶಿಕ್ಷಕನಾಗಿದ್ದ ನನಗೇ ಈ ಯೋಜನೆಯ ವಿವರ ಅಷ್ಟಾಗಿ ತಿಳಿದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ತಂದೆಯ ಹೆಸರು ಮರಣ ಪ್ರಮಾಣಪತ್ರದಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಪಡಿತರ ಚೀಟಿಯಲ್ಲಿ ಮತ್ತೊಂದು ಬಗೆ ಇತ್ತು. ಅದನ್ನು ಸರಿಪಡಿಸಲು ಸಿಸ್ಟರ್ ಆ ತಾಯಿಯೊಡನೆ ಏಳು ತಿಂಗಳು ಕಚೇರಿಗಳಿಗೆ ಅಲೆದರು. ತಾವೇ ಮುಂದೆ ನಿಂತು ಮಾತನಾಡುತ್ತಿರಲಿಲ್ಲ; ಏನು ಕೇಳಬೇಕೆಂದು ಬಸ್ಸಿನಲ್ಲಿ ಹೇಳಿಕೊಟ್ಟು, ಕೌಂಟರಿನಲ್ಲಿ ಆಕೆಯನ್ನೇ ಮುಂದೆ ಬಿಡುತ್ತಿದ್ದರು. ಹಣ ಬರುವವರೆಗಿನ ಏಳು ತಿಂಗಳೂ ಆ ಮನೆಗೆ ರಾಗಿ, ಅಕ್ಕಿ, ಬೇಳೆ ತಲುಪಿಸಿದ್ದು ಕೇಂದ್ರವೇ. ವಿಧವಾ ವೇತನದ ಅರ್ಜಿಯನ್ನೂ ಜೊತೆಯಲ್ಲಿಯೇ ಹಾಕಿಸಿದರು.

ಮನೆಭೇಟಿಗೆ ಅವರದೊಂದು ರಿಜಿಸ್ಟರ್ ಇದೆ. ನೀಲಿ ಗೆರೆಯ ದಪ್ಪ ಪುಸ್ತಕ, ಕೈಯಿಂದಲೇ ಅಂಕಣ ಎಳೆದದ್ದು. ಒಮ್ಮೆ ಅನುಮತಿ ಕೇಳಿ ನಮ್ಮ ಶಾಲೆಯ ಮಕ್ಕಳ ಪುಟಗಳನ್ನಷ್ಟೇ ನೋಡಿದೆ. ದಿನಾಂಕ, ಮನೆಯಲ್ಲಿ ಯಾರಿದ್ದರು, ಮಗು ಶಾಲೆಗೆ ಹೋಗಿತ್ತೇ, ಇಷ್ಟು ನಾನು ನಿರೀಕ್ಷಿಸಿದ್ದೇ. ನಾಲ್ಕನೆಯ ಅಂಕಣದ ತಲೆಬರಹ "ಒಲೆ ಹೊತ್ತಿತ್ತೇ" ಎಂದಿತ್ತು. ಆ ಹುಡುಗಿಯ ಪುಟದಲ್ಲಿ ಮೊದಲ ತಿಂಗಳ ಎಂಟು ಭೇಟಿಗಳ ಪೈಕಿ ಐದಕ್ಕೆ "ಇಲ್ಲ" ಎಂದಿತ್ತು. ಮೂವತ್ತನಾಲ್ಕು ವರ್ಷ ಹಾಜರಿ ಪುಸ್ತಕ ಬರೆದವನು ನಾನು. ಹಾಜರಿ ಬಿದ್ದ ಮಗುವಿನ ಮನೆಯಲ್ಲಿ ಹಿಂದಿನ ರಾತ್ರಿ ಒಲೆ ಹೊತ್ತಿತ್ತೋ ಇಲ್ಲವೋ ಎಂದು ಒಂದು ದಿನವೂ ಬರೆದಿಟ್ಟಿರಲಿಲ್ಲ.

ನಮ್ಮ ಭಾಗಕ್ಕೆ ಮಿಷನ್ನಿನ ಇಂಥ ಕೆಲಸ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಂದು ಗಂಜಾಂನಲ್ಲಿ ನೆಲೆಸಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಈ ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಿದವರಲ್ಲಿ ಮೊದಲಿಗರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ನಮ್ಮವರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಧಾತು ಮತ್ತು ಈಶ್ವರ ಸಂವತ್ಸರಗಳ, ಅಂದರೆ 1876–78ರ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ 42 ಲಕ್ಷದ ಒಳಗೆ ಇಳಿದಿತ್ತು. ದಿಕ್ಕಿಲ್ಲದ ಮಕ್ಕಳನ್ನು ಮಿಷನ್‌ಗಳು ಆಗ ಅನಾಥಾಲಯಗಳಲ್ಲಿ ಇಟ್ಟುಕೊಂಡವು. ತಂದೆತಾಯಿ ಇಬ್ಬರೂ ಹೋದ ಮಗುವಿಗೆ ಬೇರೆ ಗತಿಯಿರಲಿಲ್ಲ. ಆದರೆ ಆ ರೂಢಿ ಬರ ಮುಗಿದ ಮೇಲೂ ಉಳಿದು, ತಾಯಿ ಬದುಕಿರುವ ಮಗುವನ್ನೂ ಬಡತನದ ಕಾರಣಕ್ಕೆ ದೂರದ ಹಾಸ್ಟೆಲ್‌ನಲ್ಲಿ ಬಿಡುವುದೇ ಉಪಕಾರ ಎಂಬ ಭಾವನೆ ಬೆಳೆಯಿತು. ಸಂಸ್ಥೆಯಲ್ಲಿ ಇರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕು ಎಂದು ಈಗ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಒಂದು ಮಿಷನ್ ಎಷ್ಟು ಮಕ್ಕಳನ್ನು ಸಾಕುತ್ತಿದೆ ಎಂದು ಲೆಕ್ಕ ಕೇಳುವವರು, ಎಷ್ಟು ಮಕ್ಕಳು ತಾಯಿಯ ಬಳಿಯೇ ಉಳಿಯುವಂತೆ ಮಾಡಿದೆ ಎಂದೂ ಕೇಳಬೇಕು. ಈ ಕೇಂದ್ರಕ್ಕೆ ನಾನು ಹೆಚ್ಚು ಅಂಕ ಕೊಡುವುದು ಆ ಎರಡನೆಯ ಪ್ರಶ್ನೆಗೆ.

ಧರ್ಮದ ವಿಷಯವನ್ನು ಬಿಟ್ಟು ಬರೆದರೆ ಓದುವವರು ನಂಬಲಾರರು. ನಾನು ಕಳುಹಿಸಿದ ಒಂಬತ್ತು ಮಕ್ಕಳಲ್ಲಿ ಎಂಟು ಮಕ್ಕಳು ಹಿಂದೂ ಮನೆಯವರು, ಒಬ್ಬ ಮುಸ್ಲಿಂ ಹುಡುಗ. ತಿಂಡಿಗೆ ಮುಂಚೆ ಒಂದು ನಿಮಿಷ ಎಲ್ಲರೂ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಸಿಸ್ಟರ್‌ಗಳು ತಮ್ಮ ಪ್ರಾರ್ಥನೆಯನ್ನು ಮೆಲುದನಿಯಲ್ಲಿ ಹೇಳಿಕೊಳ್ಳುತ್ತಾರೆ, ಮಕ್ಕಳಿಗೆ ಹೇಳಿಕೊಡುವುದಿಲ್ಲ. ಗೋಡೆಯ ಮೇಲೆ ಶಿಲುಬೆ ಇದೆ. ಶಿವರಾತ್ರಿಗೂ ರಂಜಾನ್‌ಗೂ ರಜೆ ಇದೆ. ಮನೆಗಳಲ್ಲಿ ಏನಾದರೂ ಬೇರೆ ಮಾತು ನಡೆದಿದೆಯೇ ಎಂದು ನಾನು ಒಂಬತ್ತು ತಾಯಂದಿರನ್ನೂ ಪ್ರತ್ಯೇಕವಾಗಿ ವಿಚಾರಿಸಿದೆ, ಯಾರೂ ಹೌದೆನ್ನಲಿಲ್ಲ. ಸಿಸ್ಟರ್‌ಗಳು ತಮ್ಮ ನಂಬಿಕೆಯ ಕಾರಣದಿಂದಲೇ ಈ ಕೆಲಸಕ್ಕೆ ಬಂದವರು, ಅದನ್ನು ಅವರು ಮರೆಮಾಚುವುದೂ ಇಲ್ಲ. ನನಗೆ ಅದರಲ್ಲಿ ತಕರಾರಿಲ್ಲ.

ತಕರಾರು ಇರುವುದು ಫೋಟೊಗಳ ಬಗ್ಗೆ. ಎರಡನೆಯ ವರ್ಷದ ಕ್ರಿಸ್‌ಮಸ್ ವೇಳೆಗೆ ದಾನಿಗಳು ಬಟ್ಟೆ, ಬ್ಯಾಗು ತಂದುಕೊಟ್ಟರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬ್ಯಾಗನ್ನು ಎದೆಯ ಮಟ್ಟಕ್ಕೆ ಹಿಡಿಸಿ, ಒಬ್ಬೊಬ್ಬರದೇ ಫೋಟೊ ತೆಗೆದರು. ಆ ಹುಡುಗಿಯ ಸರದಿ ಬಂದಾಗ ಯಾರೋ, "ಪಾಪ, ತಂದೆ ಇಲ್ಲದ ಮಗು" ಎಂದು ದಾನಿಗೆ ಎಲ್ಲರೆದುರೇ ಹೇಳಿದರು. ಅವಳು ಬ್ಯಾಗನ್ನು ಮುಖದವರೆಗೂ ಎತ್ತಿ ಹಿಡಿದಳು. ಕೆಳಗಿಳಿಸು ಎಂದರು. ಇಳಿಸಿದಳು. ಆ ಸಂಜೆ ನಾನು ಅಲ್ಲಿಯೇ ಇದ್ದು ತಡೆಯಲಿಲ್ಲ ಎಂಬ ನೋವು ನನಗಿದೆ. ಮರುದಿನ ಹಿರಿಯ ಸಿಸ್ಟರ್‌ಗೆ ಹೇಳಿದೆ. ಅವರು ವಾದ ಮಾಡದೆ ತಪ್ಪಾಯಿತೆಂದರು. ಮರುವರ್ಷ ಸಾಲು ನಿಲ್ಲಿಸಲಿಲ್ಲ, ಆದರೆ ದಾನಿಗಳಿಗೆ ಮಕ್ಕಳಿಂದ ಧನ್ಯವಾದದ ಪತ್ರ ಬರೆಸುವುದು ಮುಂದುವರಿದಿದೆ. ಅದೂ ನಿಲ್ಲಬೇಕು. ಲೆಕ್ಕಪತ್ರ ಕಳುಹಿಸಿದರೆ ದಾನಿಗೆ ಸಾಕು.

ಫೋಟೊ ಏಕೆ ಬೇಕಾಗುತ್ತದೆ ಎಂಬುದೂ ನನಗೆ ತಿಳಿಯದ್ದಲ್ಲ. ಭಾರತದಲ್ಲಿ 48 ವರ್ಷ ಕೆಲಸ ಮಾಡಿದ, ಅಮೆರಿಕದ ಕ್ರೈಸ್ತ ಸೇವಾಸಂಸ್ಥೆ ಕಂಪ್ಯಾಷನ್ ಇಂಟರ್‌ನ್ಯಾಷನಲ್ ವಿದೇಶಿ ದೇಣಿಗೆಯ ಅನುಮತಿ ಸಿಗದೆ 2017ರ ಮಾರ್ಚ್‌ನಲ್ಲಿ ಇಲ್ಲಿಂದ ಹೊರಟಾಗ, ಅದು ನೆರವಾಗುತ್ತಿದ್ದ 1.4 ಲಕ್ಷಕ್ಕೂ ಹೆಚ್ಚು ಮಕ್ಕಳ ನೆರವು ಒಮ್ಮೆಲೇ ನಿಂತಿತು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ, ಅಂಥ ದೇಣಿಗೆ ಪಡೆದ ಒಂದು ಸಂಸ್ಥೆ ಅದನ್ನು ಇನ್ನೊಂದಕ್ಕೆ ಹಂಚುವಂತಿಲ್ಲ. ಹೀಗಾಗಿ ಸಣ್ಣ ಕೇಂದ್ರಗಳು ಊರಿನ ದಾನಿಗಳನ್ನು ನಂಬಿಕೊಂಡಿವೆ, ಮತ್ತು ಊರಿನ ದಾನಿಗೆ ಕೊಟ್ಟದ್ದು ಕಣ್ಣಿಗೆ ಕಾಣಬೇಕು. ಹಾಗೆಂದು ಮಗುವಿನ ಮುಖವನ್ನೇ ರಸೀದಿ ಮಾಡಲಾಗದು. ಕೊಡುವವರು ದಯವಿಟ್ಟು ಫೋಟೊ ಬೇಡ ಎಂದು ಮೊದಲೇ ಹೇಳಿ ಕೊಡಿ. ಬ್ಯಾಗಿಗಿಂತ ರಾಗಿ, ಬೇಳೆ, ಬಸ್ ಚಾರ್ಜಿಗೆ ಹಣ, ಇವು ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಇನ್ನೆರಡು ಕೊರತೆಗಳಿವೆ. ಕಬ್ಬು ಕಟಾವಿಗೆ ಬಳ್ಳಾರಿ ಕಡೆಯಿಂದ ಬಂದು ಗದ್ದೆಯಂಚಿನ ಜೋಪಡಿಗಳಲ್ಲಿ ಇರುವವರ ಮಕ್ಕಳು ಕೆಲವು ತಿಂಗಳು ಕೇಂದ್ರಕ್ಕೆ ಬಂದು, ಅಕ್ಷರ ಕೈಗೆ ಹತ್ತುವ ಹೊತ್ತಿಗೆ ಹೊರಟುಬಿಡುತ್ತಾರೆ; ಹೋದ ಊರಿನ ಶಾಲೆಗೆ ಒಂದು ಚೀಟಿಯನ್ನಾದರೂ ಬರೆದುಕೊಡುವ ಏರ್ಪಾಡು ಇನ್ನೂ ಆಗಿಲ್ಲ. ಎರಡನೆಯದು, ಏಳನೇ ತರಗತಿ ದಾಟಿದ ಹುಡುಗರಿಗೆ ಅಲ್ಲಿ ಜಾಗವಿಲ್ಲ. ಆಲೆಮನೆಯವರು ಕೆಲಸಕ್ಕೆ ಕರೆಯುವುದು ಸರಿಯಾಗಿ ಆ ವಯಸ್ಸಿನಲ್ಲೇ. ನಾನು ಕಳುಹಿಸಿದವರಲ್ಲಿ ಒಬ್ಬ ಹುಡುಗ ಹಾಗೆಯೇ ಶಾಲೆ ಬಿಟ್ಟ.

ಇಂಥ ಕೇಂದ್ರವೊಂದಕ್ಕೆ ಮಗುವನ್ನು ಕಳುಹಿಸಬೇಕೆಂದಿರುವ ಶಿಕ್ಷಕರು ಮೊದಲು ಒಂದು ಸಂಜೆ ತಾವೇ ಹೋಗಿ ಕೂತು ನೋಡಬೇಕು. ರಾತ್ರಿ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆಯಾದರೆ ಬಾಲನ್ಯಾಯ ಕಾಯ್ದೆಯ 41ನೇ ಕಲಂ ಪ್ರಕಾರ ನೋಂದಣಿ ಆಗಿದೆಯೇ, ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ; ಮಗು ಅಪಾಯದಲ್ಲಿದ್ದರೆ ಯಾರಿಗೂ ಕಾಯದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ತಾಯಿಯ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣಪತ್ರ, ತಂದೆಯ ಮರಣ ಪ್ರಮಾಣಪತ್ರ ಇವುಗಳ ಎರಡೆರಡು ಜೆರಾಕ್ಸ್ ಜೊತೆಗಿರಲಿ, ಎಲ್ಲದರಲ್ಲೂ ಹೆಸರು ಒಂದೇ ಆಗಿದೆಯೇ ಎಂದು ಹೊರಡುವ ಮುನ್ನವೇ ನೋಡಿಕೊಳ್ಳಿ. ಆ ಹುಡುಗಿ ಈಗ ಎಂಟನೇ ತರಗತಿ. ಅವಳ ಪುಟದಲ್ಲಿ ಕಳೆದ ಬಾರಿ ನಾನು ನೋಡಿದಾಗ ನಾಲ್ಕನೆಯ ಅಂಕಣದಲ್ಲಿ ಮೇಲಿಂದ ಕೆಳಗಿನವರೆಗೂ "ಹೌದು" ಎಂದಿತ್ತು.